ಸ್ಫಟಿಕಕ್ಕೆ ಹಾಲು

ನನ್ನ ತಮ್ಮ ಬಸವಣ್ಣೆಪ್ಪನ ಬಲಗೈಗೆ ಹದಿನೆಂಟು ಸ್ಫಟಿಕದ ಮಣಿ ಪೋಣಿಸಿದ ಒಂದು ಸರ ಇತ್ತು. ಅದನ್ನು ಅವನು ಜೋಪಾನ ಮಾಡಿದಷ್ಟು ಹಡೆದವ್ವನನ್ನೂ ಮಾಡಲಿಲ್ಲ. ಹೆಂಡತಿಯ ಮಾತಂತೂ ದೂರವೇ ಉಳಿಯಿತು. ಜಳಕಕ್ಕೆ ಹೋಗುವ ಮೊದಲು ಬಿಚ್ಚಿಡಬೇಕು. ಬಿಸಿನೀರು ತಾಗಬಾರದು, ಸಾಬೂನು ತಾಗಬಾರದು. ಬಿಸಿಲಿಗೆ ಬಿದ್ದರೆ ಮಣಿಯ ತಂಪು ಹೋಗುತ್ತದಂತೆ, ಅದಕ್ಕೆ ಕಚೇರಿಗೆ ನಡೆದು ಹೋಗುವಾಗ ಅಂಗಿಯ ತೋಳು ಇಳಿಸಿ ಮುಚ್ಚಿಕೊಳ್ಳಬೇಕು. ಹೊರಗಿನವರು ಯಾರಾದರೂ ಮುಟ್ಟಿದರೆ ಉಪ್ಪುನೀರಿನಲ್ಲಿ ತೊಳೆದು ಮಲಮಲ್ ಬಟ್ಟೆಯಿಂದ ಒರೆಸಬೇಕು. ಇದಿಷ್ಟೂ ಸಾಲದು ಅಂತ, ದಿನಾ ನಸುಕಿನಲ್ಲಿ ಕರೆದ ಆಕಳ ಹಸಿಹಾಲಿನಲ್ಲಿ, ಒಂದು ಹನಿಯೂ ತೆಗೆದಿಡದೆ, ಅವನ ಜಳಕ ಪೂಜೆ ಮುಗಿಯುವ ತನಕ ಆ ಸರ ಮುಳುಗಿರಬೇಕು. ಆ ಹಾಲನ್ನು ಮನುಷ್ಯರು ಬಾಯಿಗೆ ಹಚ್ಚುವಂತಿಲ್ಲ. ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೆ ಸುರಿಯಬೇಕು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವನು, ಹೋಗಿ ಹೋಗಿ ಹದಿನೆಂಟು ಕಲ್ಲುಗಳ ಕಾಲು ಹಿಡಿದಿದ್ದ. ಥೂ!

ಯಾಕೆ ಹಿಡಿದ ಅಂತ ಹೇಳುತ್ತೇನೆ ಕೇಳಿ. ಹೈದರಾಬಾದ್ ರಾಜ್ಯ ಒಡೆದು ಮೂರು ಪಾಲಾಗುತ್ತದೆ, ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಹೋಗುತ್ತದೆ ಅಂತ ಆ ವರ್ಷ ಎಲ್ಲರಿಗೂ ಗೊತ್ತಾಗಿತ್ತು. ನನ್ನ ತಮ್ಮ ಬೀದರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಓದಿದ್ದು ಬರೆದದ್ದು ಎಲ್ಲ ಉರ್ದು. ಇನ್ನು ಮುಂದೆ ಕಾಗದಗಳೆಲ್ಲ ಕನ್ನಡದಲ್ಲಿ ಅಂದ ಕೂಡಲೇ ಅವನ ಧೋತರ ಸಡಿಲಾಯಿತು. ಮನೆಯಲ್ಲಿ ಕನ್ನಡ ಮಾತಾಡುವ ಗಂಡಸು ಅಂಕಲಿಪಿ ತಂದು, ನಾಲಿಗೆ ಹೊರಗೆ ಹಾಕಿಕೊಂಡು ಅ ಆ ತೀಡತೊಡಗಿದ. ತನ್ನನ್ನು ಬೀದರದಲ್ಲೇ ಇಟ್ಟುಕೊಳ್ಳುತ್ತಾರೋ, ಗುರುತು ಪರಿಚಯ ಇಲ್ಲದ ಊರಿಗೆ ಎಸೆಯುತ್ತಾರೋ, ಮನೆಗೇ ಕಳಿಸುತ್ತಾರೋ ಅನ್ನುವ ಚಿಂತೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಆಗ ಅದೇ ಕಚೇರಿಯ ಮಾಣಿಕ ಅನ್ನುವವನು ಈ ಸರ ಕೊಡಿಸಿ, ಹಾಲಿನ ನೇಮ ಹೇಳಿಕೊಟ್ಟ. ಬೀದರದಲ್ಲೇ ಉಳಿಯುವ ಹುಕುಂ ಕೈಗೆ ಬರುವವರೆಗೆ ಒಂದು ದಿನವೂ ತಪ್ಪಬಾರದು ಅಂದನಂತೆ. ಮಾಣಿಕನ ಬುದ್ಧಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಇದ್ದರೆ ತಾನೆ ಹೇಳುವುದು.

ನಾನು ವಿಮಲಾಬಾಯಿ, ಬಸವಣ್ಣೆಪ್ಪನ ಅಕ್ಕ, ಖಟಕ ಚಿಂಚೋಳಿಯವಳು. ಸೋದರತ್ತೆ ಅಲ್ಲವೇ, ಅವನ ಚೊಚ್ಚಲು ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಲು ಬಂದೆ. ನೀಲಮ್ಮ ಅಂತ ಹೆಸರಿಟ್ಟೆ. ಅವನ ಹೆಂಡತಿ ಶಿವಕಾಂತಾಳ ತವರು ಔರಾದ ಕಡೆಯ ಸಂತಪುರ. ತಾಯಿ ಇಲ್ಲದ ಮನೆ, ಹೀಗಾಗಿ ಬಾಣಂತನ ಬೀದರದ ಮಗ್ಗುಲ ಮೈಲೂರದ ಈ ಮನೆಯಲ್ಲೇ ನಡೆದಿತ್ತು. ನೋಡುವವರು ಇಲ್ಲ ಅಂತ ನಾನೇ ಉಳಿದೆ.

ಬಾಣಂತಿಗೆ ಜ್ವರ ಬಂದು ಹೋಗಿತ್ತು. ಹೋಗುವಾಗ ಎದೆಹಾಲನ್ನೂ ಒಯ್ದಿತ್ತು. ಕೂಸು ಎರಡು ಗುಟುಕು ಕುಡಿದು ಬಿಟ್ಟು ಚೀರುತ್ತಿತ್ತು, ಚೀರಿ ಚೀರಿ ನಿದ್ದೆ ಹೋಗುತ್ತಿತ್ತು. ದವಾಖಾನೆಯ ನರ್ಸಬಾಯಿ ಅದರ ತೊಡೆಯ ತೊಗಲು ಹಿಡಿದು ಎಳೆದು ತೋರಿಸಿದಳು. “ತಾಯಿ ಹಾಲು ಸಾಲವಲ್ದು. ದಿನಾ ಅರ್ಧ ಶೇರ ಆಕಳ ಹಾಲು ನೀರು ಕೂಡ್ಸಿ ಕಾಸಿ ಕುಡಸ್ರಿ. ಇಲ್ಲಾಂದ್ರ ಈ ಕೂಸು ಉಳ್ಯಂಗಿಲ್ಲ” ಅಂದಳು.

ನಮ್ಮ ಆಕಳ ಹಾಲು ಬತ್ತುತ್ತ ಬಂದಿತ್ತು. ನಸುಕಿಗೆ ಅರ್ಧ ಶೇರು ಕೊಟ್ಟರೆ ಹೆಚ್ಚು, ಸಂಜೆ ಹತ್ತಿರ ಹೋದರೆ ಒದೆಯುತ್ತಿತ್ತು. ಓಣಿಯಲ್ಲೆಲ್ಲ ಕೇಳಿದೆ. ಪಕ್ಕದ ವಜೀರಬೀಯ ಆಡು ಇನ್ನೂ ಈದಿರಲಿಲ್ಲ, ಬೇರೆ ಯಾರ ಮನೆಯಲ್ಲೂ ಕರೆಯುವ ದನ ಇರಲಿಲ್ಲ. ಅಂದರೆ ಇಡೀ ಮನೆಗೆ ಇದ್ದದ್ದು ಆ ಅರ್ಧ ಶೇರು, ಅದು ಸ್ಫಟಿಕದ ಪಾಲು.

“ಹುಕುಂ ಬರೂ ತನಕ ತಡಿ ಅಕ್ಕ. ನೌಕರಿ ಉಳದ್ರ ಎಲ್ಲಾ ಉಳದಂಗ. ಹೆಣ್ಣಕೂಸು ಗಟ್ಟಿ ಇರ್ತದ, ಏನೂ ಆಗಂಗಿಲ್ಲ” ಅಂದ ನನ್ನ ತಮ್ಮ.

“ನಿನ್ನ ಕಲ್ಲಿಗೆ ಬಾಯಿ ಅದ ಏನು, ಹೊಟ್ಟಿ ಅದ ಏನು? ಅದಕ್ಕ ಹಾಲು ಯಾಕ ಬೇಕೋ ಹುಚ್ಚಪ್ಯಾಲಿ?” ಅಂದೆ.

ಅವನು ಮಲಮಲ್ ಬಟ್ಟೆಯಿಂದ ಒಂದೊಂದೇ ಮಣಿ ಒರೆಸುತ್ತ ಕೂತ. ಶಿವಕಾಂತಾ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಹೆತ್ತವಳಿಗೆ ಇಲ್ಲದ ಸಂಕಟ ನನಗೊಬ್ಬಳಿಗೆ! ನಸುಕಿನಲ್ಲಿ ಎದ್ದು ಆಕಳು ಕರೆದು, ಹಾಲನ್ನು ಬಟ್ಟಲಿಗೆ ಹಾಕಿ, ಸರ ಮುಳುಗಿಸಿ, ಗಂಡನ ಪೂಜೆ ಮುಗಿದ ಮೇಲೆ ತೊಳೆದು ಒರೆಸಿ ಕೈಗೆ ಕೊಟ್ಟು, ಹಾಲನ್ನು ಗಿಡಕ್ಕೆ ಸುರಿದು ಬರುವುದು ಅವಳದೇ ಕೆಲಸ. ಗೊಂಬೆಯ ಹಾಗೆ ಮಾಡುತ್ತಿದ್ದಳು. ಇಂಥ ಹೆಡ್ಡಿಯನ್ನು ಎಲ್ಲಿಂದ ಹುಡುಕಿ ತಂದೆವೋ ಅಂತ ಅವಳ ಮುಂದೆಯೇ ಎಷ್ಟೋ ಸಲ ಅಂದಿದ್ದೇನೆ.

ಹದಿನೈದು ದಿನ ಹೋದವು. ಕೂಸು ಚೀರುವುದು ಕಮ್ಮಿಯಾಯಿತು. ಗಲ್ಲ ತುಂಬಿತು. ನಾನು ಎಣ್ಣೆ ತಿಕ್ಕಿ ಎರೆದದ್ದಕ್ಕೆ ಮೈ ಹಿಡಿಯಿತು ಅಂತ ಓಣಿಯ ಹೆಂಗಸರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ವಜೀರಬೀಗಂತೂ ಎಣ್ಣೆ ಕಾಸುವ ಬಗೆಯನ್ನು ಎರಡು ಸಲ ಕಲಿಸಿದೆ.

ಒಂದು ದಿನ ನಸುಕಿನಲ್ಲಿ ಎಚ್ಚರಾಗಿ ಅಡಿಗೆಮನೆಗೆ ಹೋದೆ. ಶಿವಕಾಂತಾ ಒಲೆಯ ಮುಂದೆ ಕೂತು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕಾಸಿದ ಹಾಲನ್ನು ಚಮಚೆಯಿಂದ ಕುಡಿಸುತ್ತಿದ್ದಳು. ಪಕ್ಕದಲ್ಲಿ ಸ್ಫಟಿಕ ಮುಳುಗಿಸುವ ಬಟ್ಟಲು. ಅದರಲ್ಲಿ ಬೆಳ್ಳಗೆ ಏನೋ ಇತ್ತು. ಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ಜೋಳದ ಹಿಟ್ಟು ಕದಡಿದ ನೀರು! ವಾಸನೆಗೆ ಅಂತ ಮೇಲೆ ಒಂದು ಚಮಚೆ ಹಾಲು.

ಅವಳು ನನ್ನ ಕಾಲು ಹಿಡಿದುಕೊಂಡಳು. “ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೇನಿ. ನರ್ಸಬಾಯಿ ಹೇಳಿದ ದಿನಾನೇ ಶುರು ಮಾಡೀನ್ರಿ. ಅವರಿಗೆ ಗೊತ್ತಾದ್ರ ತಾವೇ ಕೂತು ಹಾಲು ಕರಸ್ತಾರ, ಆಮ್ಯಾಲ ನನ್ನ ಕೂಸಿಗೆ ಏನೂ ಉಳ್ಯಂಗಿಲ್ಲ.”

ಎಷ್ಟು ಖುಷಿಯಾಯಿತು ಅಂದರೆ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. “ಏಳು, ಏಳು ನನ್ನವ್ವ. ನಾ ಯಾಕ ಹೇಳ್ಲಿ? ನನ್ನ ಹೊಟ್ಟ್ಯಾಗ ಇರ್ತದ ಬಿಡು” ಅಂದೆ. ಲಿಂಗ ಮುಟ್ಟಿ ಹೇಳಿದೆ. ಆಮೇಲೆ ದಿನಾ ಬೆಳಿಗ್ಗೆ ನನ್ನ ತಮ್ಮ ಆ ಸರವನ್ನು ಕಣ್ಣಿಗೆ ಒತ್ತಿಕೊಂಡು ಕೈಗೆ ಕಟ್ಟಿಕೊಳ್ಳುವುದನ್ನು ನೋಡುವುದೇ ನನಗೆ ಹಬ್ಬ. ಒಂದು ಸಲ ಮೂಸಿಯೂ ನೋಡಿ, “ಹಾಲು ಹ್ಯಾಂಗ ಹಿಡದದ ನೋಡು ಅಕ್ಕ, ಮಣಿ ಎಷ್ಟು ತಂಪ ಆಗ್ಯಾವ” ಅಂದ. ಹೌದಪ್ಪಾ, ಭಾಳ ತಂಪು ಅಂದೆ. ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದೆ.

ನವೆಂಬರ್ ಒಂದಕ್ಕೆ ನಾವು ಮೈಸೂರಿನವರಾದೆವು. ಅದಾದ ಎರಡನೇ ವಾರದಲ್ಲಿ ಹುಕುಂ ಬಂತು. ಬಸವಣ್ಣೆಪ್ಪ ಬೀದರದಲ್ಲೇ, ಅದೇ ಕುರ್ಚಿಯಲ್ಲೇ ಉಳಿಯುವುದು. ಕಾಯಂ ಆಗುವವರ ಹೆಸರಿನ ಯಾದಿ ಮುಂದೆ ಬರುತ್ತದೆ ಅಂತ ಅದರಲ್ಲಿತ್ತು. ಅವನು ಮನೆಗೆ ಬಂದವನೇ ಹೆಂಡತಿಯನ್ನು ಕರೆದು, “ನೇಮ ಮುಗೀತು. ನಾಳಿಂದ ಹಾಲು ಕೂಸಿಗೆ ಕುಡಸು” ಅಂದ. ಶಿವಕಾಂತಾ ಕಣ್ಣೆತ್ತಿ ನನ್ನ ಕಡೆ ನೋಡಿದಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ.

ಅಲ್ಲಿಗೆ ಮುಗಿಯಬೇಕಿತ್ತು. ನಾನು ಮಾಡಬೇಕಾಗಿದ್ದದ್ದು ಒಂದೇ ಕೆಲಸ, ಬಾಯಿ ಮುಚ್ಚಿಕೊಂಡು ಕೂರುವುದು.

ಸಂಜೆ ಕಚೇರಿಯ ಮಂದಿಯನ್ನು ಶಿರಾ ತಿನ್ನಲು ಕರೆದಿದ್ದ. ಮಾಣಿಕ ಬಂದ, ಖಾಸಿಂ ಅಲಿ ಬಂದ, ಇನ್ನಿಬ್ಬರು ಬಂದರು. ನನ್ನ ತಮ್ಮ ತೋಳು ಮಡಚಿ ಸರ ಕಾಣುವ ಹಾಗೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪ್ರವಚನ ಶುರು ಮಾಡಿದ. ಸ್ಫಟಿಕ ಹೇಗೆ ಹಾಲು ಕುಡಿಯಿತು, ಒಂದು ದಿನವೂ ತಾನು ಹೇಗೆ ತಪ್ಪಿಸಲಿಲ್ಲ, ಶ್ರದ್ಧೆ ಅಂದರೆ ಏನು! ನಾನು ಒಳಗಿನ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿಕೊಂಡು ಕೇಳಿದೆ. ಆಮೇಲೆ ಅವನು ನನ್ನ ಕಡೆ ಗದ್ದ ತಿರುಗಿಸಿದ.

“ನಮ್ಮ ಅಕ್ಕನ ಮಾತು ಕೇಳಿದ್ರ ಇವತ್ತ ನಾ ಬೀದಿ ಪಾಲಾಗ್ತಿದ್ದೆ. ಹಾಲು ಹೆಣ್ಣಕೂಸಿಗೆ ಕುಡಸು ಅಂತ ದಿನಾ ಜಗಳ. ಹೆಂಗಸರಿಗೆ ಏನ ತಿಳೀತದ ಬಿಡ್ರಿ. ರೊಟ್ಟಿ ಬಡಿಯೋದು ಬಿಟ್ರ ಬ್ಯಾರೆ ಅಕಲ್ ಇಲ್ಲ.”

ನನ್ನ ನೆತ್ತಿಗೆ ಏರಿತು. ಕೊಟ್ಟ ಮಾತು ನೆನಪಾಗಲಿಲ್ಲವೇ? ಆಯಿತು. ಸುಳ್ಳು ಯಾಕೆ ಹೇಳಲಿ. ಆದರೂ ಅವನ ಮೋರೆ ಬೀಳುವುದನ್ನು ನೋಡುವ ಆಸೆ ಅದಕ್ಕಿಂತ ದೊಡ್ಡದಾಯಿತು.

“ರೊಟ್ಟಿ ಹಿಟ್ಟಿನ ಮಾತ ನೀ ಆಡಬ್ಯಾಡ!” ಅಂತ ನಡುಮನೆಗೆ ಬಂದೇಬಿಟ್ಟೆ. “ನಿನ್ನ ಸ್ಫಟಿಕ ಹಾಲು ಕುಡದಿಲ್ಲ, ಜ್ವಾಳದ ಹಿಟ್ಟಿನ ನೀರು ಕುಡದದ. ಹಾಲೆಲ್ಲ ನಿನ್ನ ಮಗಳ ಹೊಟ್ಟ್ಯಾಗ ಹೋಗ್ಯಾದ. ಬೇಕಾದ್ರ ನಿನ್ನ ಹೇಣ್ತಿಗೆ ಕೇಳು!”

ಖಾಸಿಂ ಅಲಿ ಬಾಯಲ್ಲಿದ್ದ ಶಿರಾ ಉಗುಳಿ ನಕ್ಕ. “ಅರೇ ಬಸವಣ್ಣೆಪ್ಪಾ, ಹುಕುಂ ತಂದಿದ್ದು ರೊಟ್ಟಿ ಹಿಟ್ಟೇನಪ್ಪಾ!” ಉಳಿದಿಬ್ಬರೂ ತೊಡೆ ತಟ್ಟಿ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಮಾಣಿಕ ಮಾತ್ರ ನಗಲಿಲ್ಲ. ಕೈತೊಳೆದುಕೊಂಡು, “ಇದು ನಗೂ ಮಾತಲ್ಲ. ಕಾಯಂ ಯಾದಿ ಇನ್ನೂ ಬರೋದದ. ಮೋಸದ ಹಾಲು ಕುಡಿಸಿದ್ದಕ್ಕ ಏನೇನ ಆಗ್ತದೋ. ಕಾಯಂ ಆಗೂ ತನಕ ನೇಮ ಮತ್ತ ಮೊದಲಿಂದ ಹಿಡೀಬೇಕು” ಅಂದ.

ಬಸವಣ್ಣೆಪ್ಪ ಹೆಂಡತಿಯನ್ನು ಕರೆದು, “ಖರೇನ?” ಅಂತ ಕೇಳಿದ.

“ಖರೇರಿ” ಅಂದಳು ಶಿವಕಾಂತಾ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಸರ ಬಿಚ್ಚಿ ಉಪ್ಪುನೀರಿಗೆ ಹಾಕಿದ.

ಮರುದಿನ ನಸುಕಿನಲ್ಲಿ ಆಕಳ ಹತ್ತಿರ ಮಣೆ ಹಾಕಿಕೊಂಡು ತಾನೇ ಕೂತ. ಶಿವಕಾಂತಾ ಕರೆದಳು, ಕೊನೆಯ ಹನಿ ಬೀಳುವವರೆಗೂ ಅವನ ಕಣ್ಣು ಚರಿಗೆಯ ಮೇಲಿತ್ತು. ಚರಿಗೆಯನ್ನು ತಾನೇ ಎತ್ತಿಕೊಂಡು ಹೋಗಿ ಬಟ್ಟಲಿಗೆ ಹಾಕಿದ. ಪೂಜೆಯಾದ ಮೇಲೆ ತಾನೇ ಗಿಡಕ್ಕೆ ಸುರಿದ. ಎರಡನೇ ದಿನವೂ ಹಾಗೇ. ಮೂರನೇ ದಿನವೂ ಹಾಗೇ.

ನಾನು ಅವನ ಮುಂದೆ ಸೆರಗೊಡ್ಡಿ ನಿಂತೆ. ತಮ್ಮನ ಮುಂದೆ, ನಾನು! “ತಪ್ಪು ನಂದಪ್ಪಾ. ಸಿಟ್ಟಿನ್ಯಾಗ ಬಾಯಿಗೆ ಬಂದದ್ದು ಆಡೀನಿ. ಹುಕುಂ ಬಂದದಲ್ಲೋ, ನೇಮ ಮುಗೀತು ಅಂತ ನೀನೇ ಅಂದಿದ್ದೆಲ್ಲೋ. ಕೂಸಿನ ಮಾರಿ ನೋಡು.”

“ನಾಕ ಮಂದಿ ಮುಂದ ಹೇಳೀದಿ ಅಕ್ಕ” ಅಂದ ಅವನು, ನನ್ನ ಮುಖ ನೋಡದೆ. “ಒಳಗ ಕರದು ಹೇಳಿದ್ರ ಒಂದು ಮಾತು. ಈಗ ಹಾಲು ಕೂಸಿಗೆ ಬಿಟ್ರ ಕಚೇರ್ಯಾಗ ನನ್ನ ಹೆಸರೇ ರೊಟ್ಟಿ ಹಿಟ್ಟ ಆಗ್ತದ.” ತೋಳು ಇಳಿಸಿ ಸರ ಮುಚ್ಚಿಕೊಂಡು ಕಚೇರಿಗೆ ಹೊರಟು ಹೋದ.

ಒಳಗೆ ಕೂಸು ಚೀರುತ್ತಿತ್ತು. ಮೊದಲಿನ ಹಾಗೆಯೇ, ಉಸಿರು ಕಟ್ಟುವ ಹಾಗೆ. ಶಿವಕಾಂತಾ ಎದೆಯಿಂದ ಅದನ್ನು ಬಿಡಿಸಿ ಎದ್ದು ಬಂದಳು. ನನ್ನ ಮುಂದೆ ತಲೆ ಎತ್ತಿ ನಿಂತಳು. ನನಗೆ ಬೈಗುಳ ಬೇಕಾಗಿತ್ತು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಕೂಸನ್ನು ನನ್ನ ಮಡಿಲಿಗೆ ಹಾಕಿದಳು.

“ನೀವೇ ಸುಮ್ಮನ ಮಾಡ್ರಿ ಅಕ್ಕಾರ” ಅಂದಳು. “ನಿಮಗ ಬಾಯಿ ಚಲೋ ಅದ.”

ಕೂಸು ನನ್ನ ಸೀರೆಗೆ ಬಾಯಿ ಹಚ್ಚಿ ಎದೆ ಹುಡುಕತೊಡಗಿತು.