ಪಾಲು ಮಾಡಿದ ಗುಳಿಗೆ

ಮೊದಲ ಏಟಿಗೆ ಬಾಗಿಲ ಗಾಜು ಬಿರುಕು ಬಿಟ್ಟಿತು. ಎರಡನೆಯದಕ್ಕೆ ಪೂರ್ತಿ ಒಡೆದು ನೆಲದ ತುಂಬ ಹರಡಿತು. ಗಾಜಿನ ಹಿಂದೆ ನಿಂತಿದ್ದ ಅಂಬರೀಶನಿಗೆ ಮುಖಕ್ಕೆ ಕೈ ಅಡ್ಡ ಹಿಡಿಯುವಷ್ಟೂ ಪುರುಸೊತ್ತು ಸಿಗಲಿಲ್ಲ. ಹುಬ್ಬಿನ ಮೇಲೆ ಒಂದು ಚೂರು ನಾಟಿ ರಕ್ತ ಕಣ್ಣಿಗಿಳಿಯಿತು. ಒಡೆದ ಬಾಗಿಲಿನಿಂದ ಒಳಗೆ ಬಂದವನು ಯಮನೂರ. ತಮ್ಮನನ್ನು ಊರಲ್ಲಿ ಮಣ್ಣು ಮಾಡಿ, ಕುಷ್ಟಗಿ ಬಸ್ಸಿಳಿದು, ದಾರಿಯಲ್ಲಿ ತನ್ನ ಫ್ಯಾಕ್ಟರಿಗೆ ಹೊಕ್ಕು ಒಂದು ಕಬ್ಬಿಣದ ರಾಡು ಎತ್ತಿಕೊಂಡು ನೇರ ಇಲ್ಲಿಗೇ ಬಂದಿದ್ದ. ಅವನ ಹಿಂದೆ ಮೆಟ್ಟಿಲ ಮೇಲೆ ಅವನ ವಠಾರದ ಮೂರ್ನಾಲ್ಕು ಗಂಡಸರು ಏದುಸಿರು ಬಿಡುತ್ತಾ ನಿಂತಿದ್ದರು.

"ಎಲ್ಲದಾಳ ಆಕಿ? ಎಲ್ಲದಾಳ ನಿಮ್ಮ ಡಾಕ್ಟರು?"

"ಗುರು, ಮೊದ್ಲು ಆ ರಾಡ್ ಕೆಳಗಿಡು," ಅಂದ ಅಂಬರೀಶ್, ಕಣ್ಣು ಒರೆಸಿಕೊಳ್ಳುತ್ತಾ. "ಕೂತ್ಕೊಂಡು ಮಾತಾಡಣ. ಮೇಡಂ ಒಳಗಿದಾರೆ, ಎಲ್ಲೂ ಓಡೋಗಿಲ್ಲ."

ಗುರು ಅಂತ ಕರೆದದ್ದಕ್ಕೆ ಸಿಕ್ಕ ಉತ್ತರ ಹೊಟ್ಟೆಗೊಂದು ಒದೆ. ಅಂಬರೀಶ್ ಗಾಜಿನ ಚೂರುಗಳ ಮೇಲೆಯೇ ಮಗುಚಿಕೊಂಡ.

ಪೀಣ್ಯ ಎರಡನೇ ಹಂತದಲ್ಲಿ, ನಟ್ಟು ಬೋಲ್ಟುಗಳ ಗೋದಾಮಿನ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದು ಡಾಕ್ಟರ್ ಶಶಿಕಲಾ ನಡೆಸುತ್ತಿದ್ದ ಅಧ್ಯಯನ ಕೇಂದ್ರ ಅದು. ಗಾಳಿಯ ರಭಸಕ್ಕೆ ಮರಳು ಸಿಡಿಸಿ ಕಬ್ಬಿಣದ ತುಕ್ಕು ಬಿಡಿಸುವ ಕೆಲಸ ಮಾಡಿದವರ ಶ್ವಾಸಕೋಶದಲ್ಲಿ ಧೂಳು ಕೂತು ಗಟ್ಟಿಯಾಗುತ್ತದೆ. ನಲವತ್ತು ತುಂಬುವುದರೊಳಗೆ ಗಟ್ಟಿಮುಟ್ಟಾದ ಆಳು ಮೆಟ್ಟಿಲು ಹತ್ತಲಾರದಂತಾಗುತ್ತಾನೆ. ಇದಕ್ಕೆ ಮದ್ದಿಲ್ಲ. ಇದ್ದರೂ ಇರಬಹುದು ಎಂಬ ಒಂದು ಗುಮಾನಿಯ ಮೇಲೆ ಶಶಿಕಲಾ ವರ್ಷಗಟ್ಟಲೆ ಅರ್ಜಿ ಹಾಕಿ, ದಿಲ್ಲಿಗೆ ಎಡತಾಕಿ, ಸರ್ಕಾರದಿಂದ ಅನುದಾನ ತಂದಿದ್ದಳು. ಅಷ್ಟರಲ್ಲಿ ಅವಳ ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

ಪ್ರಯೋಗದ ರೀತಿ ಎಲ್ಲ ದೇಶಗಳಲ್ಲೂ ಇರುವಂಥದ್ದೇ. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಇನ್ನರ್ಧ ಜನಕ್ಕೆ ನೋಡಲು ಹಾಗೇ ಇದ್ದು ಒಳಗೆ ಬರೀ ಹಿಟ್ಟಿರುವ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ, ತಿನ್ನುವವರಿಗೂ ಗೊತ್ತಿಲ್ಲ. ಇದನ್ನೆಲ್ಲ ಶಶಿಕಲಾ ಪ್ರತಿಯೊಬ್ಬರಿಗೂ ಅವರ ಮನೆಯವರಿಗೂ ಕೂರಿಸಿಕೊಂಡು ಹೇಳಿಯೇ ಸೇರಿಸಿಕೊಂಡಿದ್ದಳು. ವರ್ಷ ತುಂಬಿದ ಮೇಲೆ ಎಲ್ಲರ ಉಸಿರು ಅಳೆದು ನೋಡಿದರೆ ಎರಡೂ ಗುಂಪಿನ ನಡುವೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ದಿಲ್ಲಿಯ ಸಮಿತಿ ಮುಂದಿನ ಕಂತನ್ನು ತಡೆಹಿಡಿದು, ಪ್ರಯೋಗ ಮುಚ್ಚಿ ಎಂದು ಎರಡು ಸಾಲಿನಲ್ಲಿ ಹೇಳಿ ಕೈ ತೊಳೆದುಕೊಂಡಿತು. ಸಮಿತಿಗೆ ಪೀಣ್ಯದ ಧೂಳು ಕಾಣುವುದಿಲ್ಲ. ಬೈದು ಏನು ಬಂತು, ದಿಲ್ಲಿಯವರಿಗೆ ದಿಲ್ಲಿಯ ಧೂಳೇ ಸಾಕಾಗಿದೆ. ಗುಳಿಗೆ ನಿಂತಿತು, ಅದರ ಜೊತೆ ಅವಳ ಸಹಾಯಕ ಅಂಬರೀಶನ ಸಂಬಳವೂ ನಿಂತಿತು. ತಿಂಗಳೊಪ್ಪತ್ತಿನಲ್ಲಿ ಯಮನೂರನ ತಮ್ಮ ಕಾಡಪ್ಪ, ಮೂವತ್ತೊಂದರ ಹುಡುಗ, ಉಸಿರಿಗೆ ಬಾಯಿ ಬಾಯಿ ಬಿಡುತ್ತಾ ಸತ್ತುಹೋದ.

ಸದ್ದು ಕೇಳಿ ಶಶಿಕಲಾ ಒಳಕೋಣೆಯಿಂದ ಹೊರಗೆ ಬಂದಳು. ಯಮನೂರ ಅವಳನ್ನು ನೋಡಿದವನೇ ರಾಡು ಬೀಸಿದ. ಅದು ಬಿದ್ದದ್ದು ಮೇಜಿನ ಮೇಲಿನ ಉಸಿರಳೆಯುವ ಯಂತ್ರಕ್ಕೆ. ಪ್ಲಾಸ್ಟಿಕ್ಕು ಹಾರಿತು, ಊದುವ ಕೊಳವೆ ಗೋಡೆಗೆ ಬಡಿದು ಬಿತ್ತು. ಯಂತ್ರ ನುಚ್ಚುನೂರಾದ ಮೇಲೂ ಅವನು ಹೊಡೆಯುತ್ತಲೇ ಇದ್ದ. ಆಮೇಲೆ ಅವಳನ್ನು ಗೋಡೆಗೆ ಒತ್ತಿ, ರಾಡನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಅವಳ ಗಂಟಲಿಗೆ ಒತ್ತಿದ.

"ಹೆಂಗಾಕ್ಕೈತಿ ಈಗ? ಉಸ್ರು ಸಿಗವಲ್ತಾ? ಹಿಂಗs ಆತು ನನ್ನ ತಮ್ಮಗ. ಮೂರು ದಿನ ಹಿಂಗs ಆತು. ನಿನಗ ರೊಕ್ಕ ಬರ್ಲಿಲ್ಲಂತ ಅವನ ಗುಳಿಗಿ ಬಂದ್ ಮಾಡಿದಿ."

"ಯಮನೂರ..." ಶಶಿಕಲಾಳ ದನಿ ಸಿಳ್ಳೆಯ ಹಾಗೆ ಬಂತು. "ಮದ್ದು ಕೆಲಸ ಮಾಡ್ಲಿಲ್ಲಪ್ಪ. ನಿಜವಾದ್ದು ತಿಂದವರಿಗೂ ಹಿಟ್ಟು ತಿಂದವರಿಗೂ ಒಂದೇ ಇತ್ತು. ಅದಕ್ಕೇ ನಿಲ್ಸಿದ್ರು."

"ಸುಳ್ರೀ ಅದು!"

ಬಾಗಿಲಲ್ಲಿ ನಿಂತಿದ್ದ ಗಂಡಸರನ್ನು ತಳ್ಳಿಕೊಂಡು ಬಸಕ್ಕ ಒಳಗೆ ಬಂದಳು. ವಠಾರದಲ್ಲಿ ಯಮನೂರನ ಪಕ್ಕದ ಕೋಣೆಯವಳು. ಅಣ್ಣತಮ್ಮಂದಿರಿಬ್ಬರೂ ಉಣ್ಣುತ್ತಿದ್ದದ್ದು ಅವಳ ಕೈ ರೊಟ್ಟಿಯನ್ನೇ. ಅವಳ ಗಂಡ ಗದಿಗೆಪ್ಪನೂ ಪ್ರಯೋಗದಲ್ಲಿದ್ದ. ಈಗ ಹಾಸಿಗೆ ಹಿಡಿದಿದ್ದ. ಯಮನೂರ ರಾಡು ಹಿಡಿದು ಹೋದ ಸುದ್ದಿ ತಿಳಿದು ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು.

"ಬಿಡೋ ಅವರನ್ನ, ಯಮನೂರ! ಜೀವ ಹೊಕ್ಕೈತಿ, ಬಿಡು!" ಎಂದು ಅವನ ರಟ್ಟೆ ಜಗ್ಗಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಬಸಕ್ಕ ಡಾಕ್ಟರ ಕಡೆ ತಿರುಗಿದಳು. "ಮೇಡಂ, ಗುಳಿಗಿ ಕೆಲಸ ಮಾಡ್ಲಿಲ್ಲ ಅಂತ ಹೆಂಗಂತೀರಿ? ನಮ್ಮ ಮನಿಯವರು ಕುಂತಲ್ಲಿಂದ ಏಳಾಕ ಆಗ್ತಿದ್ದಿಲ್ಲ. ನಿಮ್ಮ ಗುಳಿಗಿ ಸುರು ಆದ ಮ್ಯಾಲೆ ನಲ್ಲಿಗಿ ಹೋಗಿ ಕೊಡ ತುಂಬ್ಕೊಂಡು ಬರ್ತಿದ್ರು. ಕಾಡಪ್ಪನೂ ಆರಾಮಿದ್ದ. ಒಬ್ಬರಿಗೆ ಅಂತಲ್ಲ, ವಠಾರದಾಗ ಎಲ್ಲಾರಿಗೂ ಒಂದೀಟು ಗುಣ ಆಗಿತ್ತು. ಆಗಲಿ ಅಂತನs ನಾವು ಕಲಸಿ ಹಂಚಿದ್ದು."

"ಏನು ಹಂಚಿದ್ರಿ?" ಶಶಿಕಲಾ ಗಂಟಲು ಹಿಡಿದುಕೊಂಡೇ ಕೇಳಿದಳು.

"ಗುಳಿಗಿ ರೀ. ನೀವs ಹೇಳಿದ್ರೆಲ್ಲ, ಅರ್ಧ ಮಂದಿಗೆ ಖರೇದು, ಅರ್ಧ ಮಂದಿಗೆ ಹುಸೀದು ಅಂತ. ಒಂದs ಒಲಿಮುಂದ ಕುಂತು ಉಣ್ಣೋರು, ಒಬ್ಬಗ ಖರೇದು ಇನ್ನೊಬ್ಬಗ ಹಿಟ್ಟು ಅಂದ್ರ ಆ ರೊಟ್ಟಿ ಗಂಟಲಾಗ ಇಳಿತೈತೇನ್ರಿ? ನಮ್ಮ ಮನಿಯವರ್ದು, ಕಾಡಪ್ಪಂದು ಎರಡೂ ಒಂದ ಡಬ್ಬ್ಯಾಗ ಸುರುವಿ, ಕಲಸಿ, ದಿನಾ ರೊಟ್ಟಿ ಜೋಡಿ ಎಣಿಸಿ ಕೊಡ್ತಿದ್ದೆ. ಯಾರ ಪಾಲಿಗೂ ಪೂರಾ ಹುಸಿ ಬರಬಾರ್ದು ಅಂತ. ಉಳಿದ ಮನ್ಯಾಗೂ ಹಂಗs ಮಾಡ್ರಿ ಅಂತ ನಾನs ಹೇಳಿದೆ. ಮಾಡಿದ್ರು, ಪಾಪ."

ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆಯಿತ್ತು. ಊರಿಂದ ಬಂದ ಜೋಳದ ಚೀಲವನ್ನು, ಶೇಂಗಾ ಹಿಂಡಿಯನ್ನು, ಸತ್ತವರ ಮನೆಯ ಅಡುಗೆಯನ್ನು ಹಂಚಿಕೊಂಡೇ ಬಾಳಿದ ವಠಾರ ಅದು. ಗುಳಿಗೆಯನ್ನು ಬಿಟ್ಟಾರೆ?

ಶಶಿಕಲಾ ಗೋಡೆಗೊರಗಿ ಹಾಗೇ ಕೂತುಬಿಟ್ಟಳು. ಕೂದಲೆಳೆಯ ವ್ಯತ್ಯಾಸವೂ ಸಿಗದಿದ್ದದ್ದು ಯಾಕೆಂದು ಈಗ ಹೊಳೆಯಿತು. ಎಲ್ಲರನ್ನೂ ಒಂದೇ ವಠಾರದಿಂದ ಆರಿಸಿದ್ದು ಅವಳೇ. ತಪಾಸಣೆಗೆ ಒಟ್ಟಿಗೆ ಬರುತ್ತಾರೆ, ಹುಡುಕಿಕೊಂಡು ಅಲೆಯುವ ಕಷ್ಟ ತಪ್ಪುತ್ತದೆ ಎಂದುಕೊಂಡಿದ್ದಳು. ಗಂಟೆಗಟ್ಟಲೆ ವಿವರಿಸಿ ಹೇಳಿದ್ದಳು, ಇವರು ತಲೆಯಾಡಿಸಿ ಮನೆಗೆ ಹೋಗಿ ಕಲಸಿದ್ದರು. ಅವಳಿಗೆ ಸಿಟ್ಟು ಬಂತು. ಎದ್ದು ಹೋಗಿ ಈ ಹೆಂಗಸಿನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅದೇ ಹೊತ್ತಿಗೆ ಅವಳ ಕೈ ಹಿಡಿದು ಅಳಬೇಕು ಅಂತಲೂ ಅನ್ನಿಸಿತು. ಯಾವುದನ್ನೂ ಮಾಡಲಿಲ್ಲ.

ಬಾಯಿ ತೆರೆದವನು ಅಂಬರೀಶ್. ನೆಲದಿಂದ ಎದ್ದು ಕೂತಿದ್ದ, ಅಂಗಿ ಎದೆಯವರೆಗೆ ಕೆಂಪಾಗಿತ್ತು. ಏಟು ತಿಂದವನು, ಕೆಲಸ ಕಳೆದುಕೊಂಡವನು. ನಾಲಿಗೆಗೆ ಕಡಿವಾಣ ಇರಲಿಲ್ಲ.

"ನೀವೇ ಕಣ್ರೀ ಎಲ್ಲಾ ಹಾಳ್ ಮಾಡಿದ್ದು! ಮಿಕ್ಸ್ ಮಾಡ್ಬಿಟ್ರೆ ಯಾವ್ದು ಕೆಲ್ಸ ಮಾಡ್ತು ಅಂತ ಯಾರಿಗ್ರೀ ಗೊತ್ತಾಗುತ್ತೆ? ಅದಕ್ಕೇ ಫಂಡ್ ನಿಂತೋಗಿದ್ದು! ನಿಜವಾದ್ ಮಾತ್ರೆ ಸಿಕ್ಕೋನಿಗೂ ಅರ್ಧಾನೇ ಹೋಗಿರೋದು. ಪೂರ್ತಿ ಹೋಗಿದ್ರೆ ಬದುಕ್ತಿದ್ನೋ ಏನೋ!"

"ಅಂಬರೀಶ್, ಸಾಕು!" ಅಂದಳು ಶಶಿಕಲಾ. ಹೊತ್ತು ಮೀರಿತ್ತು.

ಯಮನೂರ ಒಂದೊಂದೇ ಮಾತನ್ನು ಜಗಿದು ನುಂಗುವವನಂತೆ ನಿಂತಿದ್ದ. ಆಮೇಲೆ ಬಸಕ್ಕನ ಕಡೆ ತಿರುಗಿದ.

"ಕಾಡ್ಯಾಗ ಖರೇ ಗುಳಿಗಿ ಬಂದಿದ್ರ... ಅದನ್ನ ನೀ ತಗದು ನಿನ್ನ ಗಂಡಗ ತಿನಿಸಿದಿ."

"ಇಲ್ಲೋ ಯಪ್ಪಾ, ಇಬ್ಬರಿಗೂ ಒಂದs ಇರಲಿ ಅಂತ—"

ಅವಳ ತುರುಬಿಗೆ ಕೈ ಬಿತ್ತು. ಅವಳನ್ನು ಎಳೆದುಕೊಂಡು ಹೋಗಿ ಉಕ್ಕಿನ ಬೀರುವಿಗೆ ಅವಳ ತಲೆ ಬಡಿದ. ಬೀರು ತಮಟೆಯ ಹಾಗೆ ಸದ್ದು ಮಾಡಿತು. ಇನ್ನೊಮ್ಮೆ ಬಡಿದ. ಬಸಕ್ಕನ ಬಾಯಿಂದ "ಯವ್ವಾ" ಎಂಬ ಒಂದು ಸಣ್ಣ ದನಿ ಬಿಟ್ಟರೆ ಏನೂ ಬರಲಿಲ್ಲ. ಹಣೆ ಒಡೆದು ರಕ್ತ ಮೂಗಿನ ಪಕ್ಕದಿಂದ ಇಳಿದು ತುಟಿ ಮುಟ್ಟಿತು. ಬಾಗಿಲಲ್ಲಿದ್ದ ಗಂಡಸರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಅವರೂ ಕಲಸಿ ತಿಂದವರೇ. ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡುತ್ತಿದ್ದ, ಇವನು ನನ್ನದನ್ನು ತಿಂದನೋ, ನಾನು ಇವನದನ್ನು ತಿಂದೆನೋ ಎಂಬಂತೆ.

ಯಮನೂರ ಅವಳನ್ನು ನೆಲಕ್ಕೆ ಕೆಡವಿ, ರಾಡು ಎತ್ತಿ ಹಿಡಿದ. ಹಾಗೇ ಡಾಕ್ಟರ ಕಡೆ ನೋಡಿದ.

"ನೀ ಹೇಳು. ನಿನಗ ಗೊತ್ತಿರತೈತಿ. ಕಾಡ್ಯಾಂದು ಖರೇದೋ, ಹುಸೀದೋ?"

ಶಶಿಕಲಾಗೆ ಗೊತ್ತಿತ್ತು. ಪ್ರಯೋಗ ಮುಚ್ಚಿದ ಮೇಲೆ ಯಾರಿಗೆ ಯಾವುದು ಹೋಗಿತ್ತೆಂದು ದಿಲ್ಲಿಯವರು ಕೇಂದ್ರಕ್ಕೆ ಪಟ್ಟಿ ಕಳಿಸಿದ್ದರು. ಕಾಡಪ್ಪನದು ನಿಜವಾದ ಗುಳಿಗೆ. ಗದಿಗೆಪ್ಪನದು ಹಿಟ್ಟು. ಬಸಕ್ಕ ದಿನವೂ ಕಾಡಪ್ಪನ ಮದ್ದಿನಲ್ಲಿ ಅರ್ಧ ತೆಗೆದು ಗಂಡನಿಗೆ ಕೊಟ್ಟಿದ್ದಳು, ತನಗೆ ತಿಳಿಯದೆಯೇ. ಶಶಿಕಲಾ ಇಷ್ಟು ವರ್ಷದ ಸಂಶೋಧನೆಯಲ್ಲಿ ಒಂದು ಅಂಕಿಯನ್ನೂ ತಿದ್ದಿದವಳಲ್ಲ. ತಿದ್ದಿದ್ದರೆ ಅನುದಾನ ಇವತ್ತಿಗೂ ಬರುತ್ತಿತ್ತು.

"ಹುಸೀದು," ಅಂದಳು. ದನಿ ನಡುಗಬಾರದೆಂದು ಗೋಡೆಗೆ ಬೆನ್ನು ಒತ್ತಿ ಹಿಡಿದಳು. "ಕಾಡಪ್ಪಂದು ಬರೀ ಹಿಟ್ಟು, ಯಮನೂರ. ನಾವು ಅವನಿಗೆ ಕೊಟ್ಟಿದ್ದು ಹಿಟ್ಟು. ಅವನ ಹೊಟ್ಟೆಗೆ ಒಂಚೂರು ಮದ್ದು ಅಂತ ಹೋಗಿದ್ರೆ, ಅದು ಈ ಯಮ್ಮ ಹಂಚಿದ್ದಕ್ಕೆ ಹೋಗಿದ್ದು."

ಯಮನೂರ ಅವಳನ್ನೇ ದಿಟ್ಟಿಸಿದ.

"ತಾಯಾಣೆ?"

"ತಾಯಾಣೆ."

ಅವನ ಮುಖ ಕಿವುಚಿಕೊಂಡಿತು. ರಾಡು ಕೈಜಾರಿ ನೆಲಕ್ಕೆ ಬಿತ್ತು. ಅವನೂ ಬಿದ್ದ. ಬಸಕ್ಕನ ಪಾದ ಎರಡನ್ನೂ ತಬ್ಬಿ, ಅದಕ್ಕೆ ಹಣೆ ಜಜ್ಜಿಕೊಳ್ಳುತ್ತಾ ಗೊಳೋ ಎಂದು ಅತ್ತ. "ಎಕ್ಕಾ, ನಿನ್ನ ಮ್ಯಾಲೆ ಕೈ ಮಾಡಿದ್ನೆಲ್ಲೇ... ನನ್ನ ಕೈ ಸೇದಿ ಹೋಗ್ಲಿ. ನನ್ನ ತಮ್ಮಗ ನೀನs ಉಣಿಸಿದಿ, ನೀನs ಮದ್ದು ಹಾಕಿದಿ..."

ಮಣ್ಣು ಮಾಡುವಾಗಲೂ ಅಳದಿದ್ದವನು ಅಲ್ಲಿ ಅತ್ತ. ಶಶಿಕಲಾ ಉಸಿರು ಬಿಟ್ಟಳು. ಮುಗಿಯಿತು ಅಂದುಕೊಂಡಳು.

ಬಸಕ್ಕ ಅವನನ್ನು ನೋಡುತ್ತಿರಲಿಲ್ಲ. ಬೀರುವಿಗೆ ಒರಗಿ ಕೂತು, ತುಟಿಗಿಳಿದ ರಕ್ತವನ್ನು ಕೂಡ ಒರೆಸಿಕೊಳ್ಳದೆ ಏನನ್ನೋ ಲೆಕ್ಕ ಹಾಕುತ್ತಿದ್ದಳು. ದೊಡ್ಡ ಲೆಕ್ಕವೇನಲ್ಲ. ಒಂದು ಒಲೆ, ಇಬ್ಬರು ಗಂಡಸರು.

"ಹಂಗಾರ," ಅಂದಳು ನಿಧಾನಕ್ಕೆ, "ನಮ್ಮ ಮನಿಯವರ್ದು ಖರೇ ಗುಳಿಗಿ ಇತ್ರಿ."

ಬಸಕ್ಕ ಡಾಕ್ಟರ ಮುಖ ನೋಡಿದಳು.

"ಖರೇದು ಅವರದಿತ್ತು. ಅದರಾಗ ಅರ್ಧ ನಾನs ತಗದು ಕೊಟ್ಟೆ."

ಇಲ್ಲ ಅನ್ನಬೇಕು. ಅದು ನಿಜವೂ ಹೌದು. ಇಲ್ಲ ಬಸಕ್ಕ, ನಿನ್ನ ಗಂಡನಿಗೆ ಬಂದದ್ದೇ ಹಿಟ್ಟು, ನೀನು ಕಲಸಿದ್ದಕ್ಕೇ ಅವನು ಕೊಡ ಹೊತ್ತದ್ದು. ಹಾಗೆ ಅಂದರೆ ಮದ್ದು ಯಾರದೆಂಬ ಪ್ರಶ್ನೆ ತಿರುಗಿ ಕಾಡಪ್ಪನ ಹೆಸರಿಗೇ ಬರುತ್ತದೆ. ಯಮನೂರ ತಲೆಯೆತ್ತಿ ಇಬ್ಬರನ್ನೂ ನೋಡುತ್ತಿದ್ದ, ಮೂಗು ಸುರಿಸುತ್ತಾ. ರಾಡು ಅವನ ಮೊಣಕಾಲಿನ ಹತ್ತಿರವೇ ಬಿದ್ದಿತ್ತು.

"ಹೂಂ," ಅಂದಳು ಶಶಿಕಲಾ.

ಬಸಕ್ಕ ಪಾದ ಬಿಡಿಸಿಕೊಂಡಳು. ಬೀರು ಹಿಡಿದು ಎದ್ದು, ಬಿಚ್ಚಿದ ತುರುಬು ಕಟ್ಟಿ, ಸೆರಗಿನಿಂದ ಹಣೆ ಒತ್ತಿ ಹಿಡಿದಳು. ಅಳುತ್ತಾಳೇನೋ ಎಂದು ಎಲ್ಲರೂ ಕಾದರು. ಅಳಲಿಲ್ಲ.

"ಏಳೋ ಯಮನೂರ," ಅಂದಳು. "ನಮ್ಮ ಮನಿಯವರಿಗೆ ಈ ಮಾತು ತಿಳೀಬಾರ್ದು. ಯಾರೂ ಹೇಳಬ್ಯಾಡ್ರಿ." ಬಾಗಿಲಲ್ಲಿದ್ದವರು ತಲೆ ತಗ್ಗಿಸಿ ದಾರಿ ಬಿಟ್ಟರು. ಅವಳು ಗಾಜಿನ ಚೂರು ತುಳಿದುಕೊಂಡೇ ಹೊರಗೆ ಹೋದಳು. ಯಮನೂರ ಅವಳ ಹಿಂದೆ ಹೋದ. ರಾಡು ಅಲ್ಲೇ ಉಳಿಯಿತು.

ಕೆಳಗೆ ಗೋದಾಮಿನಲ್ಲಿ ಯಾರೋ ಬೋಲ್ಟುಗಳನ್ನು ಚೀಲಕ್ಕೆ ಸುರಿಯುತ್ತಿದ್ದರು. ಶಶಿಕಲಾ ಹತ್ತಿ ತಂದು ಅಂಬರೀಶನ ಹುಬ್ಬಿನಿಂದ ಚೂರು ಕಿತ್ತಳು. ಅವನು ಹಲ್ಲು ಕಚ್ಚಿ ಸಹಿಸಿದ.

"ಪೊಲೀಸ್‌ಗೆ ಫೋನ್ ಮಾಡ್ಲಾ ಮೇಡಂ?"

"ಬೇಡ."

"ಮೇಡಂ, ಇವ್ರು ಮಿಕ್ಸ್ ಮಾಡಿದ್ದು ದಿಲ್ಲಿಗೆ ಬರೆದ್ರೆ ಮತ್ತೆ ಫಂಡ್ ಕೊಡ್ಬೋದಲ್ವಾ? ಮದ್ದು ಕೆಲ್ಸ ಮಾಡ್ತಿತ್ತೇನೋ."

"ಕೊಟ್ರೂ ಕೊಡ್ಬೋದು. ಆದ್ರೆ ಹೊಸಬರನ್ನ ತಗೋಬೇಕು. ಬೇರೆ ಬೇರೆ ಕಡೆಯಿಂದ. ಇವರನ್ನ ಇನ್ನು ಸೇರಿಸೋ ಹಾಗಿಲ್ಲ."

ಅಂಬರೀಶ್ ಹತ್ತಿಯನ್ನು ಒತ್ತಿ ಹಿಡಿದು ಒಂದು ಕಣ್ಣಲ್ಲೇ ಅವಳನ್ನು ನೋಡಿದ.

"ಗದಿಗೆಪ್ಪಂದಲ್ವಾ ಮೇಡಂ, ಹಿಟ್ಟಿಂದು?"

ಅವಳು ಕಿಟಕಿಯ ಹತ್ತಿರ ಹೋದಳು. ಕೆಳಗೆ ರಸ್ತೆಯಲ್ಲಿ ಬಸಕ್ಕ ಅರ್ಧ ದಾಟಿದವಳು ನಟ್ಟನಡುವೆ ನಿಂತುಬಿಟ್ಟಿದ್ದಳು. ಕಬ್ಬಿಣದ ತಗಡು ಹೇರಿದ್ದ ಲಾರಿಯೊಂದು ಅವಳ ಪಕ್ಕೆಗೆ ಬಂದು ಹಾರನ್ ಹೊಡೆಯುತ್ತಲೇ ಇತ್ತು. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಯಮನೂರ ಓಡಿ ಬಂದು ಲಾರಿಗೆ ಅಡ್ಡ ನಿಂತು ಕೈ ಎತ್ತಿದ. ಆಮೇಲೆ ಅವಳ ರಟ್ಟೆ ಹಿಡಿದು, ಚಿಕ್ಕ ಮಗುವನ್ನು ನಡೆಸುವಂತೆ, ಆಚೆ ಬದಿಗೆ ನಡೆಸಿಕೊಂಡು ಹೋದ.