ಉಶ್ಶಣ್ಣನ ತಾಳ

"ಇದು ಆಲೂಗಡ್ಡೆಯೇ?" ಎಂದು ಫೋನು ಕೇಳಿತು.

ಉಶ್ಶಣ್ಣ ಬರೆದದ್ದು ಬೆಕ್ಕು. ಬಾಲ ಸೇರಿಸಿದ, ಮೀಸೆ ಎಳೆದ. ಫೋನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇದು ಪೊರಕೆಯೇ?" ಎಂದಿತು.

"ನಿನ್ನ ತಲೆ!" ಎಂದು ಅವನು ಅದನ್ನು ಮೇಜಿನ ಮೇಲೆ ಬೋರಲು ಹಾಕಿದ.

ಫೋನು ಅವನದಲ್ಲ, ಗ್ರಂಥಾಲಯದ್ದು. ಮಕ್ಕಳ ವಿಭಾಗಕ್ಕೆಂದು ಹೊಸದಾಗಿ ಬಂದಿತ್ತು. ಕಲಿಯುವುದಕ್ಕೆ, ಚಿತ್ರ ಬರೆಯುವುದಕ್ಕೆ, ಹಾಡು ಕಟ್ಟುವುದಕ್ಕೆ ಎಂದು ಬಗೆಬಗೆಯ ಆ್ಯಪ್ ತುಂಬಿಸಿ ಗ್ರಂಥಪಾಲಕಿ ಮೇಡಂ ಅವನ ಕೈಗೆ ಕೊಟ್ಟಿದ್ದರು. "ಎಲ್ಲಾನೂ ಒಂದ್ಸಲ ಆಡಿ ನೋಡಿ. ನಿಮಗೆ ಅರ್ಥವಾದ್ರೆ ಯಾವ ಮಗುವಿಗಾದ್ರೂ ಅರ್ಥವಾಗುತ್ತೆ." ಇದು ಹೊಗಳಿಕೆಯೋ ತೆಗಳಿಕೆಯೋ ಅವನಿಗೆ ಇನ್ನೂ ಬಗೆಹರಿದಿರಲಿಲ್ಲ.

ಉಶ್ಶಣ್ಣ ಎಂದು ಹೆಸರಿಟ್ಟವರೂ ಆ ಮಕ್ಕಳೇ. ಪುಸ್ತಕಕ್ಕೆ ಮುದ್ರೆ ಒತ್ತುವುದು, ಗಾಡಿ ತಳ್ಳಿಕೊಂಡು ಹೋಗಿ ಕಪಾಟಿಗೆ ಜೋಡಿಸುವುದು, ಹರಿದದ್ದಕ್ಕೆ ಅಂಟು ಹಚ್ಚುವುದು ಎಲ್ಲ ಅವನದೇ ಕೆಲಸ. ಆದರೆ ಜನರಿಗೆ ಗೊತ್ತಿದ್ದದ್ದು ಅವನ 'ಉಶ್' ಒಂದೇ. ಯಾರಾದರೂ ಪಿಸುಗುಟ್ಟಿದರೆ ಸಾಕು, ಕಪಾಟಿನ ಸಂದಿಯಿಂದ ಅದು ಬಂತೆಂದೇ ತಿಳಿಯಬೇಕು. ಜೋರಾಗಿ ಆಕಳಿಸಿದ ವಕೀಲರೊಬ್ಬರಿಗೂ ಒಮ್ಮೆ ಬಿದ್ದಿತ್ತು.

ಮುಂದಿನದು ಸದ್ದುಗಳ ಆ್ಯಪ್. ಪರದೆಯ ಮೇಲೆ ನಾಲ್ಕು ಖಾಲಿ ಸಾಲುಗಳು. ಒಂದನ್ನು ಒತ್ತಿ ಏನಾದರೂ ಸದ್ದು ಮಾಡಿದರೆ ಅದನ್ನು ಹಿಡಿದಿಟ್ಟು ಮತ್ತೆ ಮತ್ತೆ ಸುತ್ತಿಸುತ್ತದೆ. ಅದರ ಜೊತೆಗೆ ಇನ್ನೊಂದು, ಮತ್ತೊಂದು. ಉಶ್ಶಣ್ಣ ಮೊದಲ ಸಾಲಿಗೆ ಮುದ್ರೆ ಕುಟ್ಟಿದ: ಧಡ್. ಎರಡನೆಯದಕ್ಕೆ ಗಾಡಿಯ ಚಕ್ರ: ಕೀಂಯ್. ಮೂರನೆಯದನ್ನು ಒತ್ತಿ, ಏನು ಕೊಡಲಿ ಎಂದು ತಲೆ ಕೆರೆದುಕೊಳ್ಳುತ್ತಿರುವಾಗಲೇ ಪತ್ರಿಕೆಗಳ ಮೂಲೆಯಲ್ಲಿ ಇಬ್ಬರು ಗುಸುಗುಸು ಶುರು ಮಾಡಿದರು.

"ಉಶ್!"

ಕೈ ಫೋನಿನ ಮೇಲಿದ್ದರೂ ಬಾಯಿ ತನ್ನ ಕೆಲಸ ಮಾಡಿಬಿಟ್ಟಿತ್ತು. ಫೋನು ಅದನ್ನೂ ನುಂಗಿತು. ಧಡ್, ಉಶ್, ಕೀಂಯ್, ಉಶ್. ಗುಸುಗುಟ್ಟುತ್ತಿದ್ದವರು ಕತ್ತು ಚಾಚಿ ನೋಡಿ, ಬಾಯಿಗೆ ಪತ್ರಿಕೆ ಅಡ್ಡ ಹಿಡಿದು ನಕ್ಕರು.

ಉಶ್ಶಣ್ಣ ನಗಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಹಂಚಿದ ಆ ಸದ್ದನ್ನು ತಾನು ಕೇಳಿಸಿಕೊಂಡಿದ್ದು ಇದೇ ಮೊದಲು. ಎಷ್ಟು ಒರಟಾಗಿದೆಯಪ್ಪಾ! ಕಾದ ಬಾಣಲೆಗೆ ನೀರು ಬಿದ್ದ ಹಾಗೆ. ಮಗಳು ಕೇಳಿಸಿಕೊಂಡು ಬೆಳೆದದ್ದು ಇದನ್ನೇ ಅಲ್ಲವೇ ಎನಿಸಿತು.

ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಚಿಕ್ಕವಳಿದ್ದಾಗ ಬಾಯಿ ತೆರೆದರೆ ಹಾಡೇ. ಜಡೆ ಹಾಕಿಸಿಕೊಳ್ಳುವಾಗಲೂ ಹಾಡು, ಮೆಟ್ಟಿಲು ಇಳಿಯುವಾಗಲೂ ಹಾಡು. ದಿನವಿಡೀ ಮೌನಕ್ಕೆ ಒಗ್ಗಿದ ಕಿವಿ ಹೊತ್ತು ಮನೆಗೆ ಬರುತ್ತಿದ್ದ ಉಶ್ಶಣ್ಣ ಚಪ್ಪಲಿ ಬಿಡುವ ಮೊದಲೇ ಉಶ್ ಎನ್ನುತ್ತಿದ್ದ. ಸಿಟ್ಟಿನಿಂದಲ್ಲ, ಅಭ್ಯಾಸ. ಅವಳ ಹಾಡು ಯಾವಾಗ ನಿಂತಿತೋ ಅವನಿಗೆ ತಿಳಿಯಲೇ ಇಲ್ಲ.

"ನಿಲ್ಸಿಲ್ಲ ರೀ, ನೀವಿಲ್ದಾಗ ಹಾಡ್ತಾಳೆ," ಎಂದು ಹೆಂಡತಿ ಒಮ್ಮೆ ಹೇಳಿದ್ದಳು. "ಗೇಟು ಕಿರ್ರ್ ಅಂದ್ರೆ ಬಾಯಿ ಮುಚ್ಕೊಳ್ತಾಳೆ."

ಅಂದಿನಿಂದ ಅವನು ಸಂಜೆ ಬಂದವನು ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ, ಹಾಡು ಮುಗಿಯುವ ತನಕ ಹೊರಗೇ ನಿಲ್ಲುತ್ತಿದ್ದ. ಪಕ್ಕದ ಮನೆಯ ಡ್ರೈವರು, "ಏನ್ರೀ, ಮನೆಯೋರು ಒಳಗೆ ಸೇರಿಸ್ಲಿಲ್ವಾ?" ಎಂದು ಕಿಚಾಯಿಸಿದರೆ ಹಲ್ಲುಕಿರಿಯುತ್ತಿದ್ದ. ತನ್ನೆದುರು ಹಾಡು ಎಂದು ಮಗಳನ್ನು ಕೇಳಲು ಆಸೆಯೇನೋ ಇತ್ತು. ಬಾಯಿ ಮುಚ್ಚಿಸಿದವನೇ ತಾನು, ಯಾವ ಮುಖ ಇಟ್ಟುಕೊಂಡು ಕೇಳುವುದು?

ಸದ್ದು ಕೇಳಿ ಮೇಡಂ ಬಂದರು. "ಪರವಾಗಿಲ್ವೇ! ಇನ್ನೊಂದು ಸಾಲು ಖಾಲಿ ಇದೆಯಲ್ಲ, ಒಂದು ಹಾಡು ಹಾಕಿ."

"ನಾನು ಹಾಡಿದ್ರೆ ಇರೋ ಮಕ್ಕಳೂ ಓಡಿ ಹೋಗ್ತಾರೆ ಮೇಡಂ."

"ಮನೇಲಿ ಯಾರೂ ಹಾಡೋರಿಲ್ವಾ?"

ಅವನು ಫೋನನ್ನೇ ನೋಡುತ್ತಾ, "ಇದ್ದಾಳೆ," ಎಂದ.

ಸಂಜೆ ಮನೆಯಲ್ಲಿ ಮಗಳು ಬಟ್ಟೆ ಮಡಚುತ್ತಿದ್ದಳು. ಉಶ್ಶಣ್ಣ ಫೋನನ್ನು ಬಟ್ಟೆಯ ರಾಶಿಯ ಮೇಲಿಟ್ಟು ಒತ್ತಿದ. ಧಡ್, ಉಶ್, ಕೀಂಯ್, ಉಶ್. ಎರಡು ಸುತ್ತು ಬರುವಷ್ಟರಲ್ಲಿ ಅವಳ ಕಣ್ಣು ಅರಳಿತು.

"ಅಪ್ಪಾ, ಇದು ನೀನು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾನೇ. ಇಷ್ಟು ಕೆಟ್ಟದಾಗಿ ಕೇಳ್ಸುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ."

"ತಾಳ ಸರಿಯಾಗಿದೆ ಬಿಡು." ಅವಳ ಬೆರಳು ಆಗಲೇ ಮಡಚಿದ ಟವೆಲಿನ ಮೇಲೆ ತಟ್ಟುತ್ತಿತ್ತು.

"ಒಂದು ಸಾಲು ಖಾಲಿ ಇದೆ. ನೀನು ಹಾಡಿದ್ರೆ..."

ಬೆರಳು ನಿಂತಿತು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖ ನೋಡಿದಳು. "ನಿನ್ನೆದುರಿಗೆ ನಂಗೆ ಆಗಲ್ಲ ಅಪ್ಪ. ಗಂಟಲೇ ಕಟ್ಟಿಬಿಡುತ್ತೆ." ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಗೊತ್ತು. ನಾನು ಗೇಟಿನಾಚೆ ಇರ್ತೀನಿ."

"ಅಲ್ಲಿಗೆ ಕೇಳ್ಸುತ್ತಾ?"

"ಕೇಳ್ಸುತ್ತೆ ಮಗಾ. ದಿನಾ ಕೇಳ್ತೀನಲ್ಲ."

ಮಡಚಿಟ್ಟ ಟವೆಲನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು. ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಗೇಟು ಎಳೆದುಕೊಂಡ.

ಬಹಳ ಹೊತ್ತು ಬರೀ ಧಡ್, ಉಶ್ ಕೇಳುತ್ತಿತ್ತು. ಎಲ್ಲಾ ಕೆಡಿಸಿಬಿಟ್ಟೆ ಎಂದುಕೊಂಡ. ಕದ್ದು ಕೇಳುತ್ತಿದ್ದದ್ದೂ ಈಗ ಹೋಯಿತು. ಅಷ್ಟರಲ್ಲಿ ಸಣ್ಣಗೆ ದನಿ ಎದ್ದಿತು. ಮೊದಲು ಅಳುಕುತ್ತಾ, ಆಮೇಲೆ ತುಂಬಿಕೊಂಡು, ಒಂದೊಂದು ಉಶ್ಶಿನ ಮೇಲೂ ಹೆಜ್ಜೆಯಿಟ್ಟು ಹಾಡು ಮುಂದೆ ನಡೆಯಿತು.

"ಏನ್ರೀ, ಇವತ್ತೂ ಒಳಗೆ ಸೇರಿಸ್ಲಿಲ್ವಾ?" ಡ್ರೈವರು ಗಟ್ಟಿಯಾಗಿ ಕೂಗಿದ.

ಉಶ್ಶಣ್ಣನ ಬೆರಳು ತಂತಾನೇ ತುಟಿಗೆ ಹೋಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ನನ್ನ ಮಗಳು ಹಾಡ್ತಿದಾಳೆ," ಎಂದ.

ಕಿಟಕಿ ತೆರೆಯಿತು. ಫೋನನ್ನು ಗಲ್ಲದ ಹತ್ತಿರ ಹಿಡಿದ ಮಗಳು, ಹಾಡುತ್ತಲೇ, ಬಾ ಎಂದು ಕೈ ಮಾಡಿದಳು.

ಅವನು ಚಿಲಕ ಸರಿಸಿ, ಕಣ್ಣು ಮುಚ್ಚಿಕೊಂಡು ಗೇಟನ್ನು ಮೆಲ್ಲಗೆ ತಳ್ಳಿದ. ಅದು ಬೀದಿಗೆಲ್ಲ ಕೇಳುವಂತೆ ಕಿರ್ರ್ ಎಂದಿತು.

ಹಾಡು ನಿಲ್ಲಲಿಲ್ಲ.