ಕಲೆಯಿಲ್ಲದ ಒಲೆ

ಕೋಣೆ ನೋಡಿದರೆ ಸಾಕು, ಅದರಲ್ಲಿರುವವರ ಜಾತಕ ಹೇಳಿಬಿಡುತ್ತೇನೆ ಎಂದು ದೊಡ್ಡಕ್ಕ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಅದು ಬರೀ ಬಾಯಿಮಾತೇನೂ ಅಲ್ಲ. ಮನೆಯಿಲ್ಲದೆ ಬೀದಿಗೆ ಬಿದ್ದ ಹುಡುಗಿಯರಿಗೆ ಆಸರೆ ಕೊಡುವ ನಿಲಯದಲ್ಲಿ ಆಕೆ ಹದಿನೇಳು ವರ್ಷದಿಂದ ಮೇಲ್ವಿಚಾರಕಿ. ಬಂದವರನ್ನು ಒಂದೂವರೆ ವರ್ಷ ಇಟ್ಟುಕೊಂಡು, ಕೆಲಸ ಹುಡುಕಿಕೊಟ್ಟು, ಕೊನೆಗೆ ಅವರದೇ ಒಂದು ಬಾಡಿಗೆ ಕೋಣೆ ಮಾಡಿಕೊಟ್ಟು ಕಳಿಸಬೇಕು. ಕಳಿಸಿದ ಮೇಲೂ ಆರು ತಿಂಗಳು, ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರಬೇಕು. ಎಲ್ಲ ಸರಿಯಿದ್ದರೆ ಫೈಲಿನಲ್ಲಿ 'ನೆಲೆ ನಿಂತಳು' ಎಂದು ಬರೆದು ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು.

ಎಂಜಲು ತಟ್ಟೆ ಮೂರು ದಿನದಿಂದ ಬಿದ್ದಿದೆಯೇ, ನಡುಮಧ್ಯಾಹ್ನ ಪರದೆ ಎಳೆದಿದೆಯೇ, ಒದ್ದೆ ಬಟ್ಟೆ ಬಕೆಟ್ಟಿನಲ್ಲೇ ಕೊಳೆಯುತ್ತಿದೆಯೇ, ಏನೋ ಎಡವಟ್ಟಾಗಿದೆ ಎಂದು ಆಕೆಗೆ ಬಾಗಿಲಲ್ಲೇ ತಿಳಿದುಹೋಗುತ್ತಿತ್ತು. ಕೊಳಕನ್ನು ಓದುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಚೊಕ್ಕಟವನ್ನು ಓದಲು ಮಾತ್ರ ಯಾರೂ ಕಲಿಸಿರಲಿಲ್ಲ, ಆಕೆ ಕಲಿಯಲೂ ಹೋಗಿರಲಿಲ್ಲ. ಪೊಲೀಸರ ಹಾಗೆ ದಿಢೀರನೆ ಬಾಗಿಲು ತಟ್ಟಬಾರದೆಂಬ ಮರ್ಯಾದೆ ಬೇರೆ. ಹೋಗುವ ಎರಡು ದಿನ ಮೊದಲೇ ಫೋನ್ ಮಾಡಿ ತಿಳಿಸುತ್ತಿದ್ದಳು.

ಆಕೆ ಕಳಿಸಿದವರಲ್ಲಿ ಒಬ್ಬಳು ರೇಡಿಯೋ. ಹತ್ತೊಂಬತ್ತು ವರ್ಷದವಳು. ಹದಿನಾರಕ್ಕೇ ಮಲತಂದೆ ಮನೆಯಿಂದ ಹೊರಗೆ ಹಾಕಿದ್ದ. ನಿಲಯದ ಎಂಟು ಮಂಚದ ಕೋಣೆಯಲ್ಲಿ ಮಲಗಿದ ಮೇಲೂ ಅವಳ ಮಾತು ನಿಲ್ಲುತ್ತಿರಲಿಲ್ಲ. ಕೇಳುವವರೆಲ್ಲ ನಿದ್ದೆಹೋದ ಮೇಲೆಯೇ ಅವಳಿಗೂ ನಿದ್ದೆ. ಅದಕ್ಕೇ ಆ ಹೆಸರು. ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಅವಳು ಹಾಸಿಗೆ ಹಾಸಿದರೆ ಒಂದು ಸುಕ್ಕು ಹುಡುಕಿದರೂ ಸಿಗುತ್ತಿರಲಿಲ್ಲ.

ಮೊದಲ ತಿಂಗಳು ದೊಡ್ಡಕ್ಕ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಅವಳ ಬಾಗಿಲಲ್ಲಿ ನಿಂತವಳು ಹಾಗೇ ನಿಂತುಬಿಟ್ಟಳು. ನೆಲ ಥಳಥಳ. ಹಾಸಿಗೆ ಯಾರೂ ಮುಟ್ಟದ ಹಾಗಿತ್ತು. ಒಲೆಯ ಮೇಲೆ ಒಂದು ಕಲೆಯಿಲ್ಲ.

"ಭಲೇ ರೇಡಿಯೋ. ನನ್ನ ಒಲೆ ಹಿಂಗಿದ್ದಿದ್ರೆ ನಮ್ಮೆಜಮಾನ್ರು ನನ್ನ ತಲೆ ಮೇಲೆ ಹೊತ್ಕೊಂಡು ಕುಣೀತಿದ್ರು."

ಹುಡುಗಿ ನಕ್ಕಳು. ದೊಡ್ಡಕ್ಕ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುವಾಗ ಹುಡುಗಿ ಮೆಲ್ಲಗೆ ಕೇಳಿದಳು, "ಅಕ್ಕಾ, ಶನಿವಾರ ಮಾತ್ರ ನಿಲಯಕ್ಕೆ ಬಂದು ಮಲಗ್ಲಾ? ನೆಲದ ಮೇಲಾದ್ರೂ ಪರವಾಗಿಲ್ಲ."

"ಯಾಕೆ, ಇಲ್ಲಿ ಏನಾಗಿದೆ?"

"ಏನಿಲ್ಲ. ಸುಮ್ನೆ."

ಹೊರಟುಹೋದವರು ಆರು ತಿಂಗಳು ನಿಲಯದ ಹೊಸ್ತಿಲು ತುಳಿಯಬಾರದು ಎಂಬುದು ದೊಡ್ಡಕ್ಕನೇ ಮಾಡಿದ ಕಟ್ಟಳೆ. ಹಿಂದೊಬ್ಬಳು ಒಂದು ದಿನಕ್ಕೆಂದು ಬಂದು, ಮತ್ತೆ ಹೋಗಲಾರದೆ, ಕೋಣೆಯನ್ನೂ ಕೆಲಸವನ್ನೂ ಕಳೆದುಕೊಂಡಿದ್ದಳು. "ಹಿಂದೆ ತಿರುಗಿ ನೋಡ್ಬೇಡ ಕಣೇ. ನಿನ್ನ ಮಂಚಕ್ಕೆ ಆಗ್ಲೇ ಇನ್ನೊಬ್ಬಳು ಬಂದಾಯ್ತು," ಎಂದಳು ದೊಡ್ಡಕ್ಕ. "ಹೌದಲ್ವಾ," ಎಂದಳು ಹುಡುಗಿ. ಆ 'ಸುಮ್ನೆ'ಯನ್ನು ದೊಡ್ಡಕ್ಕ ಅವತ್ತು ಕೆದಕಬೇಕಿತ್ತು. ಮಧ್ಯಾಹ್ನದೊಳಗೆ ಇನ್ನೂ ಎರಡು ಕಡೆ ಹೋಗುವುದಿತ್ತು, ಕೆದಕಲಿಲ್ಲ.

ಎರಡನೆಯ ತಿಂಗಳೂ ಹಾಗೇ, ಮೂರನೆಯದೂ ನಾಲ್ಕನೆಯದೂ ಹಾಗೇ. ನಿಲಯದಲ್ಲಿ ಯಾರಾದರೂ ಲೋಟ ತೊಳೆಯದಿದ್ದರೆ ಸಾಕು, "ಹೋಗಿ ರೇಡಿಯೋ ಕೋಣೆ ನೋಡ್ಕೊಂಡು ಬನ್ನಿ" ಎಂದು ಉಪದೇಶ ಶುರುವಾಗುತ್ತಿತ್ತು. ಐದನೆಯ ತಿಂಗಳು ಹೋಗಿ ನೋಡಿ ಬಂದ ದೊಡ್ಡಕ್ಕ ಹಿಗ್ಗಿನಲ್ಲಿ ಒಂದು ತಿಂಗಳು ಮೊದಲೇ ಸಹಿ ಹಾಕಿಬಿಟ್ಟಳು. ಶುಭ ಸಮಾಚಾರ ಹೇಳಲು ಹುಡುಗಿಗೆ ಫೋನ್ ಮಾಡಿದಳು.

"ಹಾಗಾದ್ರೆ ನೀವು ಇನ್ನು ಬರಲ್ವಾ?"

"ಬಂದು ಇನ್ನೇನು ನೋಡ್ಲಿ? ಗೆದ್ದುಬಿಟ್ಟೆಯಲ್ಲ ನೀನು."

ಮೂರು ವಾರದ ಮೇಲೆ ರೇಡಿಯೋ ಕೋಣೆಯಿದ್ದ ಬೀದಿಯಲ್ಲಿ ಏನೋ ಕೆಲಸವಿತ್ತು. ಹುಡುಗಿಗೆಂದು ಒಂದು ಹೂಕುಂಡ ಕೊಂಡು, ಮೊದಲ ಸಲ ಹೇಳದೆ ಕೇಳದೆ ದೊಡ್ಡಕ್ಕ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಬೇರೆ ಬೀಗ. ಎದುರು ಮನೆಯಲ್ಲಿ ಹೊಲಿಯುತ್ತಿದ್ದ ಮುದುಕ ಟೈಲರ್ ಮಷೀನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ.

"ಆ ಹುಡುಗೀನಾ? ಖಾಲಿ ಮಾಡಿ ಹದಿನೈದು ದಿನ ಆಯ್ತಲ್ಲಮ್ಮ."

"ಖಾಲಿ ಮಾಡಿದ್ಲಾ? ಯಾಕೆ?"

"ಇದ್ದಿದ್ದಾದ್ರೂ ಯಾವಾಗ? ಮೊದಲ್ನೇ ವಾರ ಇದ್ಲು ಅಷ್ಟೇ. ಒಬ್ಬಳೇ ಇದ್ರೆ ಗೋಡೆ ಮೈಮೇಲೆ ಬಂದ ಹಾಗಾಗುತ್ತೆ ಅಂತಿದ್ಲು. ಮಲಗೋಕೆ ದೊಡ್ಡಾಸ್ಪತ್ರೆ ಹಾಲ್‌ಗೆ ಹೋಗ್ತಿದ್ಲು, ಅಲ್ಲಿ ಜನ ಇರ್ತಾರಂತೆ. ತಿಂಗಳಿಗೊಂದ್ಸಲ ಬಂದು ಗುಡ್ಸಿ ಒರ್ಸಿ ಹಾಸಿಗೆ ಹಾಸ್ತಿದ್ಲು. ಯಾರೋ ದೊಡ್ಡೋರು ನೋಡೋಕೆ ಬರ್ತಾರೆ ಅಂತ."

ದೊಡ್ಡಕ್ಕ ಐದು ಸಲ ಬಂದಿದ್ದಳು. ಐದು ಸಲವೂ ಯಾರೂ ಬಾಳದ ಕೋಣೆಯನ್ನು ಬಾಯ್ತುಂಬ ಹೊಗಳಿ ಹೋಗಿದ್ದಳು. ಬದುಕುವವರ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಒಗ್ಗರಣೆ ಸಿಡಿಯುತ್ತದೆ ಎನ್ನುವುದು ಮೂವತ್ತು ವರ್ಷ ಅಡಿಗೆ ಮಾಡಿದ ಹೆಂಗಸಿಗೆ ಹೊಳೆಯಲಿಲ್ಲವಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಹೂಕುಂಡವನ್ನು ಟೈಲರನ ಕೈಗೆ ಕೊಟ್ಟು ನೇರ ಆಸ್ಪತ್ರೆಗೆ ನಡೆದಳು.

ರೋಗಿಗಳೂ ಅವರ ಕಡೆಯವರೂ ಕಾಯುವ ಉದ್ದನೆಯ ಹಾಲ್. ಮೂಲೆಯ ಬೆಂಚಿನಲ್ಲಿ ರೇಡಿಯೋ, ಗುರುತಿಲ್ಲದ ಯಾವುದೋ ಅಜ್ಜಿಯ ಟೋಕನ್ ಕೈಯಲ್ಲಿ ಹಿಡಿದು ಆಕೆಗೆ ಏನೋ ವಿವರಿಸುತ್ತಿದ್ದಳು. ಸೊರಗಿದ್ದಳು. ದೊಡ್ಡಕ್ಕನನ್ನು ಕಂಡು ಮಾತು ನಿಲ್ಲಿಸಿದಳು.

"ನನ್ನ ಹತ್ರ ಯಾಕೆ ಹೇಳ್ಲಿಲ್ವೇ?" ದೊಡ್ಡಕ್ಕ ಪಕ್ಕದಲ್ಲಿ ಕುಳಿತು ಕೇಳಿದಳು.

"ಪ್ರತಿ ಸಲಾನೂ ಹೇಳೋಣ ಅಂದ್ಕೊಳ್ತಿದ್ದೆ ಅಕ್ಕಾ. ನೀವು ಬಾಗಿಲಲ್ಲೇ ನಿಂತು ಅಷ್ಟೊಂದು ಖುಷಿ ಪಡ್ತಿದ್ರಿ."

"ತಪ್ಪು ನಂದು. ಏಳು, ಈಗ್ಲೇ ನಿಲಯಕ್ಕೆ ಹೋಗೋಣ. ಕಟ್ಟಳೆ ಗಿಟ್ಟಳೆ ಹಾಳಾಗಿ ಹೋಗ್ಲಿ. ಸ್ವಲ್ಪ ದಿನ ಅಲ್ಲೇ ಇರು. ಆಮೇಲೆ ಯಾರ ಜೊತೆಗಾದ್ರೂ ಇರೋ ಹಾಗೆ ಒಂದು ಕೋಣೆ ಹುಡುಕೋಣ."

ಹುಡುಗಿ ತಲೆಯಾಡಿಸಿದಳು. "ಬೇಡಕ್ಕಾ. ಇನ್ನೊಂದ್ಸಲ ನಿಮ್ಮನ್ನ ಖುಷಿಪಡ್ಸೋಕೆ ನನ್ನ ಕೈಲಾಗಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟರಲ್ಲಿ ಡಾಕ್ಟರ ಕೋಣೆಯಿಂದ ಅಜ್ಜಿಯ ನಂಬರು ಕೂಗಿದರು. ಹುಡುಗಿ ಅಜ್ಜಿಯ ತೋಳು ಹಿಡಿದು ಎಬ್ಬಿಸಿದಳು.

"ಇವ್ರನ್ನ ಒಳಗೆ ಬಿಟ್ಟು ಬರ್ತೀನಿ. ಕೂತಿರಿ."

ದೊಡ್ಡಕ್ಕ ಕುಳಿತಳು. ಬಂದ ಮೇಲೆ ಹೊಗಳುವುದೂ ಬೇಡ, ಬುದ್ಧಿ ಹೇಳುವುದೂ ಬೇಡ, ಅವಳು ಮಾತಾಡಿದಷ್ಟು ಹೊತ್ತೂ ಕೇಳಿಸಿಕೊಳ್ಳುತ್ತೇನೆ ಎಂದುಕೊಂಡಳು. ಗಂಟೆ ಕಳೆಯಿತು. ಅಜ್ಜಿ ಔಷಧಿ ಚೀಟಿ ಹಿಡಿದುಕೊಂಡು ಒಬ್ಬಳೇ ಹೊರಗೆ ಬಂದಳು.

"ನಿಮ್ಮ ಜೊತೆ ಬಂದ ಹುಡುಗಿ ಎಲ್ಲಿ ಅಜ್ಜಿ?"

"ಅವಳು ಆಗ್ಲೇ ಹೋದ್ಲಲ್ಲಮ್ಮ, ಆ ಕಡೆ ಬಾಗಿಲಿಂದ."

ಡಾಕ್ಟರ ಕೋಣೆಗೆ ಇನ್ನೊಂದು ಬಾಗಿಲಿದೆಯೆಂದು ದೊಡ್ಡಕ್ಕನಿಗೆ ಗೊತ್ತಿರಲಿಲ್ಲ.